ಎಡಗಡೆಯ ಹಿಂದಿನ ಸೀಟು

ಸಾಮಾನು ಸಾಗಿಸುವವರು ಬಂದು ಎದುರು ಮನೆಯ ಸೋಫಾ, ಫ್ರಿಜ್ಜು, ಪುಸ್ತಕದ ಕಪಾಟು ಎಲ್ಲವನ್ನೂ ಲಾರಿಗೆ ಏರಿಸಿದರು. ಒಂದು ಹಸಿರು ತಗಡಿನ ಟ್ರಂಕನ್ನು ಮಾತ್ರ ಅಂಕಲ್ ಮುಟ್ಟಗೊಡಲಿಲ್ಲ. "ಭಯ್ಯಾ, ಇದನ್ನ ಬಿಡಿ, ಯೇ ಮೇರಾ ಕಾಮ್ ಹೈ," ಎಂದು ತಾವೇ ಎತ್ತಿಕೊಂಡು ಲಿಫ್ಟಿನ ಕಡೆ ನಡೆದರು. ಅವರಿಗೆ ಎಪ್ಪತ್ತು ದಾಟಿದೆ. ಲಾರಿಯವನು ನನ್ನ ಕಡೆ ತಿರುಗಿ, "ಅದರಲ್ಲಿ ಚಿನ್ನ ಇದೆಯಾ ಮೇಡಂ?" ಎಂದ. "ಎರಡು ಹಳೇ ಚಾದರ ಇದೆ," ಎಂದೆ. ನಿಜವನ್ನೇ ಹೇಳಿದ್ದೆ. ಅವನು ನಂಬಲಿಲ್ಲ.

ಅಂಕಲ್ ಮತ್ತು ಆಂಟಿ ದೆಹಲಿಯ ಈ ದ್ವಾರಕಾ ಬಿಟ್ಟು ಮೈಸೂರಿಗೆ, ಮಗಳ ಮನೆಯ ಹತ್ತಿರಕ್ಕೆ ಹೋಗಿ ಒಂದು ವಾರವಾಯಿತು. ಎದುರು ಬಾಗಿಲಿಗೆ ಬೀಗ ಬಿದ್ದಿದೆ. ನಾನು ದಿನಾ ಡೈರಿ ಬರೆಯುವವಳು. ಯಾವ ದಿನ ಏನಾಯಿತು, ಎಷ್ಟು ಜನ ಬಂದರು, ಎಷ್ಟು ಜನ ಬರಲಿಲ್ಲ ಎಂದು ಲೆಕ್ಕ ಇಡದಿದ್ದರೆ ನನಗೆ ಆ ದಿನ ಮುಗಿದ ಹಾಗೇ ಆಗುವುದಿಲ್ಲ. ನಿನ್ನೆ ಆ ಟ್ರಂಕಿನ ಭಾನುವಾರದ ಪುಟ ತೆಗೆದು ಓದಿದೆ. ಓದಿ ಮುಗಿಸಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಅಂಥ ಒಬ್ಬ ಮನುಷ್ಯ ನನ್ನ ಎದುರು ಮನೆಯಲ್ಲಿದ್ದರು ಎಂಬುದನ್ನು ಯಾರಿಗಾದರೂ ಹೇಳಲೇಬೇಕು.

ಮೂರು ದಶಕ ಅವರು ಮಾಡಿದ್ದು ಒಂದೇ ಕೆಲಸ, ಬಂದವರನ್ನು ಎದುರುಗೊಳ್ಳುವುದು. ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ನೌಕರಿ. ಊರಿನಿಂದ ಮಂತ್ರಿ ಬರಲಿ, ಶಾಸಕ ಬರಲಿ, ಸ್ವಾಮೀಜಿ ಬರಲಿ, ವಿಮಾನ ನಿಲ್ದಾಣದ ಬಾಗಿಲಲ್ಲಿ ಇವರು ನಿಂತಿರಬೇಕು. ಕೈಚೀಲ ಇಸಕೊಳ್ಳುವುದು, ಕಾರಿನ ಬಾಗಿಲು ತೆಗೆಯುವುದು, ಹಿಂದಿನ ಸೀಟಿನ ಎಡಗಡೆ ಕೂರಿಸುವುದು. "ಹಿಂದೆ, ಎಡಗಡೆ. ಅದು ಮುಖ್ಯ ಅತಿಥಿ ಜಾಗ," ಎಂದು ನನಗೆ ಹೇಳಿಕೊಟ್ಟವರು ಅವರೇ. ಅವರು ಮಾತ್ರ ಯಾವತ್ತೂ ಮುಂದೆ, ಡ್ರೈವರ್ ಪಕ್ಕ. ನಿವೃತ್ತರಾದ ಮೇಲೂ ಅಭ್ಯಾಸ ಬಿಡಲಿಲ್ಲ. ನಮ್ಮ ಲಿಫ್ಟಿನಲ್ಲಿ ತರಕಾರಿ ಚೀಲ ಹಿಡಿದ ಯಾರೇ ಬರಲಿ, ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲು ಹಿಡಿದು, ತಲೆ ಬಾಗಿಸಿ, "ಬನ್ನಿ ಬನ್ನಿ" ಎನ್ನುವರು. ಅವರ ಎದುರು ಕೊತ್ತಂಬರಿ ಸೊಪ್ಪು ತಂದರೂ ನಾನು ಯಾವುದೋ ಕರಾರಿಗೆ ಸಹಿ ಹಾಕಿ ಬಂದವಳಂತೆ ಅನ್ನಿಸುತ್ತಿತ್ತು.

"ಸ್ವಾಗತ ಅಂದ್ರೆ ಹಾರ ಹಾಕೋದಲ್ಲಮ್ಮ," ಎಂದಿದ್ದರು ಒಮ್ಮೆ. "ಬಂದವರಿಗೆ, ಈ ಊರಲ್ಲಿ ನನಗೋಸ್ಕರ ಒಬ್ಬ ಕಾದಿದ್ದ ಅಂತ ಅನ್ನಿಸ್ಬೇಕು. ಅಷ್ಟೇ."

ನಾನು ದಾವಣಗೆರೆಯವಳು, ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ. ಆಗ ಮನೆಯಿಂದಲೇ ಕೆಲಸ ನಡೆಯುತ್ತಿತ್ತು. ಕೋವಿಡ್‌ನ ಎರಡನೇ ಅಲೆ ಆಗಷ್ಟೇ ಇಳಿದಿತ್ತು. ಆ ಏಪ್ರಿಲ್‌ನಲ್ಲಿ ಆಕ್ಸಿಜನ್ ಸಿಲಿಂಡರ್ ಎಲ್ಲಿ ಸಿಗುತ್ತದೆ ಎಂದು ಊರೆಲ್ಲ ಅಲೆದ ಅದೇ ಜನ, ಜೂನ್‌ನಲ್ಲಿ ಲಸಿಕೆ ಬಂದು ಪಕ್ಕದ ಸೆಕ್ಟರಿನ ಶಾಲೆಯಲ್ಲಿ ಕೂತಾಗ ಹಿಂದೆ ಸರಿದರು. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಒಂದು ಭಯ, ಸಂಜೆ ಇನ್ನೊಂದು. ನಮ್ಮ ಬ್ಲಾಕಿನಲ್ಲಿ ಮೂವತ್ತೆರಡು ಮನೆ. ಲಸಿಕೆ ಹಾಕಿಸಿಕೊಂಡವರು ಎಷ್ಟು ಎಂದು ಎಣಿಸಿದೆ. ಕೈಬೆರಳು ಸಾಕಾದವು. ಆ ಲೆಕ್ಕವನ್ನು ಲಿಫ್ಟಿನಲ್ಲಿ ಅಂಕಲ್‌ಗೆ ಹೇಳಿದೆ.

ಅವರು ಮಾಸ್ಕ್ ಮೇಲಿಂದಲೇ ನನ್ನನ್ನು ದಿಟ್ಟಿಸಿದರು. "ನೀವು ಲೆಕ್ಕ ಬರೀತೀರಾ?"

"ದಿನಾ ಬರೀತೀನಿ ಅಂಕಲ್."

"ಕಾರು ಓಡಿಸೋಕೆ ಬರುತ್ತಾ?"

"ಬರುತ್ತೆ."

"ಅಚ್ಛಾ! ಹಾಗಾದ್ರೆ ಇವತ್ತಿಂದ ನೀವು ನಮ್ಮ ಅಕೌಂಟೆಂಟ್ ಜನರಲ್. ನನಗೆ ಕಣ್ಣಿನ ಆಪರೇಷನ್ ಆಗಿದೆ, ಡಾಕ್ಟ್ರು ಗಾಡಿ ಮುಟ್ಟಬೇಡಿ ಅಂದಿದ್ದಾರೆ. ಶನಿವಾರ ಹತ್ತು ಗಂಟೆಗೆ ಸಿಗೋಣ, ಏಜಿ ಸಾಹೇಬ್ರೇ."

ಅಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಅವರ ವಿಧಾನ ಹೀಗಿತ್ತು. ಮೊಬೈಲಿನಲ್ಲಿ ಲಸಿಕೆಯ ಸ್ಲಾಟ್ ಹಿಡಿಯುವುದು ನನ್ನ ಪಾಲು. ಸ್ಲಾಟ್ ತೆರೆದುಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತಿತ್ತು. ಸಿಕ್ಕಿದಾಗ ನಾನು ಕಿರುಚುವ ಸದ್ದು ಎದುರು ಮನೆಗೆ ಕೇಳಿಸಿ, ಅಲ್ಲಿಂದ ಅಂಕಲ್ "ಶಾಬಾಶ್!" ಎನ್ನುವರು. ಆಮೇಲೆ ಅವರು ಇಸ್ತ್ರಿ ಮಾಡಿದ ಸಫಾರಿ ಸೂಟ್ ಹಾಕಿಕೊಂಡು, ಇನ್ನೂ ಹಾಕಿಸಿಕೊಳ್ಳದ ಒಂದು ಮನೆಯ ಬೆಲ್ ಒತ್ತುವರು. ಲಸಿಕೆಯ ಬಗ್ಗೆ ಭಾಷಣ ಮಾಡುತ್ತಿರಲಿಲ್ಲ. ವಾದಕ್ಕೂ ಇಳಿಯುತ್ತಿರಲಿಲ್ಲ. ಭಯ ಏನು ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡು, ಉತ್ತರ ಗೊತ್ತಿಲ್ಲದಿದ್ದರೆ ಶಾಲೆಯಲ್ಲಿದ್ದ ಡಾಕ್ಟರ್‌ಗೆ ಅಲ್ಲಿಂದಲೇ ಫೋನ್ ಹಚ್ಚಿ ಕೊಡುವರು. ಕೊನೆಗೆ, "ಬರ್ತೀರಾ?" ಎಂದು ಮಾತ್ರ ಕೇಳುತ್ತಿರಲಿಲ್ಲ. "ಗಾಡಿ ಹತ್ತಕ್ಕೆ ತರಿಸ್ಲಾ, ಹನ್ನೊಂದಕ್ಕಾ?" ಎನ್ನುವರು. ಹನ್ನೊಂದು ಎಂದು ಬಾಯಿಂದ ಬಿದ್ದ ಮೇಲೆ ಜನಕ್ಕೆ ಹಿಂದೆ ಹೋಗಲು ನಾಚಿಕೆ.

ಮೊದಲನೇ ಶನಿವಾರವೇ ಎಡವಟ್ಟಾಯಿತು. ಅದೂ ದೆಹಲಿಯ ನಿವೃತ್ತ ಅಧಿಕಾರಿಗಳ ಸೊಸೈಟಿಯಲ್ಲಲ್ಲದೆ ಬೇರೆಲ್ಲೂ ಆಗಲಾರದ ಎಡವಟ್ಟು. ಐದನೇ ಮಹಡಿಯಲ್ಲಿ ನಿವೃತ್ತ ಜಾಯಿಂಟ್ ಸೆಕ್ರೆಟರಿ ಒಬ್ಬರಿದ್ದರು. ಎರಡನೇ ಮಹಡಿಯಲ್ಲಿ ನಿವೃತ್ತ ಅಡಿಷನಲ್ ಸೆಕ್ರೆಟರಿ. ಇಬ್ಬರೂ ಒಪ್ಪಿದ್ದರು. ಲಿಫ್ಟ್ ಮೇಲಿತ್ತೆಂದು ನಾವು ಮೇಲಿನವರನ್ನು ಮೊದಲು ಕರೆತಂದು ಕಾರಿನಲ್ಲಿ ಕೂರಿಸಿದೆವು. ಎರಡನೇ ಮಹಡಿಯ ಬಾಲ್ಕನಿಯಿಂದ ಅಡಿಷನಲ್ ಸೆಕ್ರೆಟರಿ ಸಾಹೇಬರು ಅದನ್ನು ನೋಡಿದರು. ತಮಗಿಂತ ಒಂದು ಮೆಟ್ಟಿಲು ಕೆಳಗಿದ್ದವರು ಹಿಂದಿನ ಸೀಟಿನ ಎಡಗಡೆ! ನಾವು ಮರಳಿ ಬಂದು ಬೆಲ್ ಒತ್ತಿದರೆ ಅವರ ಹೆಂಡತಿ ಬಾಗಿಲು ಅರ್ಧ ತೆರೆದು, "ಸಾಹೇಬರಿಗೆ ಯಾಕೋ ನೆಗಡಿ. ಲಸಿಕೆ ಬಗ್ಗೆ ಇನ್ನಷ್ಟು ಡೇಟಾ ಬರಲಿ ಅಂತಾರೆ," ಎಂದರು.

ಅಂಕಲ್ ಮೆಟ್ಟಿಲ ಮೇಲೆ ಕುಸಿದು ಕೂತರು. "ಏಜಿ, ನಾನು ಸೀನಿಯಾರಿಟಿ ಮರೆತೆ! ಲಿಫ್ಟ್ ನೋಡಿದೆ, ಸೀನಿಯಾರಿಟಿ ನೋಡ್ಲಿಲ್ಲ! ಸರ್ವೀಸಲ್ಲಿದ್ದಿದ್ರೆ ನನ್ನನ್ನ ಅಂಡಮಾನಿಗೆ ಹಾಕ್ತಿದ್ರು."

ಮರುದಿನ ಅವರು ಒಬ್ಬರೇ ಹೋಗಿ ಬಂದರು. ಹೊರಬಂದಾಗ ಮುಖ ದೀಪಾವಳಿ. ಅಡಿಷನಲ್ ಸೆಕ್ರೆಟರಿಯವರು ಕೋಟು ತೊಟ್ಟು ಹಿಂದೆಯೇ ಬರುತ್ತಿದ್ದರು. ಅಂಕಲ್ ಒಳಗೆ ಹೇಳಿದ್ದು ಇಷ್ಟೇ ಅಂತೆ. "ಸರ್, ನಿನ್ನೆ ಹೋಗಿದ್ದು ಪೈಲಟ್ ಗಾಡಿ. ಪೈಲಟ್ ಯಾವಾಗಲೂ ಮುಂದೆ ಹೋಗುತ್ತಲ್ಲ ಸರ್. ರಸ್ತೆ ಸರಿ ಇದೆ ಅಂತ ವರದಿ ಬಂದಿದೆ."

ನಾನು ಸ್ಟಿಯರಿಂಗ್ ಹಿಡಿದು ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಇದನ್ನು ಬರೀ ದೊಡ್ಡವರ ಓಲೈಕೆ ಎಂದುಕೊಳ್ಳಬಾರದು. ನಮ್ಮ ಬ್ಲಾಕಿನಲ್ಲಿ ಮನೆಗೆಲಸ ಮಾಡುತ್ತಿದ್ದ ಮೀನಾ ದೀದಿ ಬಾಯಿ ಬಿಟ್ಟು ಹೇಳಿದ ಭಯ ಬೇರೆ, ಒಳಗಿನ ಭಯ ಬೇರೆ. ಹೇಳಿದ್ದು, "ಸೂಜಿ ಹಾಕಿದ್ರೆ ಸಾಯ್ತಾರಂತೆ." ಅಂಕಲ್ ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿಸಿ, ಚಹಾ ತರಿಸಿ, ಕೂರಿಸಿ ಕೇಳಿದಾಗ ಹೊರಬಂದದ್ದು, ಜ್ವರ ಬಂದು ಎರಡು ದಿನ ಮಲಗಿದರೆ ಸಂಬಳ ಹಿಡಿಯುತ್ತಾರೆ ಎಂಬುದು. ಅಂಕಲ್ ಆ ಸಂಜೆಯೇ ಅವಳು ಕೆಲಸ ಮಾಡುವ ಪ್ರತಿ ಮನೆಗೂ ಹೋಗಿ 'ಜ್ವರದ ರಜೆ' ಮಂಜೂರು ಮಾಡಿಸಿಕೊಂಡು ಬಂದರು. ಭಾನುವಾರ ಹಿಂದಿನ ಬಾಗಿಲು ತೆಗೆದು, "ಆಯಿಯೇ," ಎಂದು ನಿಂತಾಗ ಮೀನಾ ದೀದಿ ಮುಂದಿನ ಬಾಗಿಲಿನ ಕಡೆ ಹೋದಳು.

"ಅಲ್ಲಿ ಅಲ್ಲ, ಅದು ನನ್ನ ಜಾಗ," ಎಂದರು ಅಂಕಲ್.

ದಾರಿಯುದ್ದಕ್ಕೂ ಅವಳು ಕಿಟಕಿಯಾಚೆಗಿನ ದ್ವಾರಕಾವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ದಿನಾ ನಡೆದು ಬರುವ ಅದೇ ರಸ್ತೆ. ಮುಂದಿನ ವಾರ ಅವಳ ಗಲ್ಲಿಯ ಹೆಂಗಸರು ಗೇಟಿಗೆ ಬಂದು, "ಆ ಗಾಡಿಯಲ್ಲಿ ಕರ್ಕೊಂಡು ಹೋಗೋ ಅಂಕಲ್ ಯಾರು?" ಎಂದು ಕೇಳತೊಡಗಿದರು. ನಾವು ಎರಡು ಟ್ರಿಪ್ ಅಂದುಕೊಂಡರೆ ಆರು ಆಗುತ್ತಿತ್ತು. ಸಂಜೆ ಕಾಲು ಸೋತು ಬಂದರೂ ನಿದ್ದೆ ಬಾರದಷ್ಟು ಹುರುಪು. ಊರಿನಿಂದ ಅಮ್ಮ ಫೋನ್ ಮಾಡಿ, "ಇಲ್ಲಿ ಮಸೀದಿ ಮೈಕಲ್ಲಿ ಹೇಳಿದ್ರು, ನಾನೂ ಹಾಕಿಸ್ಕೊಂಡೆ. ನೀನೇನು ಅಲ್ಲಿ ಡ್ರೈವರ್ ಆಗಿದ್ದೀಯಂತೆ?" ಎಂದು ನಕ್ಕಳು.

ಜುಲೈನ ಒಂದು ಸಂಜೆ ನಾನು ಅವರ ಮನೆಗೆ ಓಡಿದೆ. "ಅಂಕಲ್! ಮೂವತ್ತೆರಡೂ ಮನೆ ಆಯ್ತು! ಒಂದೂ ಬಾಕಿ ಇಲ್ಲ!"

ಆಂಟಿ ನನ್ನ ಲೋಟಕ್ಕೆ ಕಾಫಿ ಬಗ್ಗಿಸುತ್ತಾ, "ಒಂದು ಬಾಕಿ ನಿನ್ನ ಎದುರಿಗೇ ನಿಂತಿದೆ ಕಣಮ್ಮ. ಸಕ್ಕರೆ ಸಾಕಾ ನೋಡು," ಎಂದರು.

ಆಂಟಿಯೂ ಹಾಕಿಸಿಕೊಂಡಿರುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಅಂಕಲ್ ಒಬ್ಬರೇ ಹಾಕಿಸಿಕೊಂಡಿದ್ದರು. ಆಂಟಿಗೆ ಹಳೆಯ ಸಕ್ಕರೆ ಕಾಯಿಲೆ. ಇನ್ನೊಂದು ಅಲೆ ಬಂದು ಇವರಿಗೆ ತಗುಲಿದರೆ ಕಷ್ಟ ಎಂದು ಡಾಕ್ಟರ್ ನೇರವಾಗಿಯೇ ಹೇಳಿದ್ದರು. ಇಡೀ ಬ್ಲಾಕನ್ನು ಒಪ್ಪಿಸಿದ ಮನುಷ್ಯ ಪ್ರತಿ ಸಂಜೆ ಮನೆಗೆ ಬಂದು ಈ ಒಂದು ಮುಖದ ಎದುರು ಸೋತು ಮಲಗುತ್ತಿದ್ದರು.

"ನಿನ್ನ ತಮ್ಮನಿಗೆ ಸೋಂಕು ಮೊದಲೇ ತಗುಲಿತ್ತು ಕಣೇ," ಎಂದರು ಅಂಕಲ್, ಬಹಳ ಸಲ ಹೇಳಿ ಸವೆದ ದನಿಯಲ್ಲಿ. "ಸೂಜಿಯಿಂದ ಹೋಗ್ಲಿಲ್ಲ ಅವನು. ಹಾಸನದ ಡಾಕ್ಟ್ರೇ ಹೇಳಿದ್ರಲ್ಲ."

"ಗೊತ್ತು ರೀ. ನನಗೇನು ಬುದ್ಧಿ ಇಲ್ವಾ? ಸೋಮವಾರ ಹಾಕಿಸ್ಕೊಂಡ, ಮುಂದಿನ ಸೋಮವಾರ ಇರ್ಲಿಲ್ಲ. ಸೂಜಿಯಿಂದ ಅಲ್ಲ ಅಂತ ಗೊತ್ತು. ಗೊತ್ತಿದ್ರೂ ಕೈ ಮುಂದೆ ಬರಲ್ಲ." ಆಂಟಿ ನನ್ನ ಕಡೆ ತಿರುಗಿದರು. "ನೋಡಮ್ಮ, ಮದುವೆಯಾಗಿ ಮೊದಲನೇ ಸಲ ನಾನು ಈ ಊರಿಗೆ ಬಂದಾಗ ನನ್ನ ಜೊತೆ ಬಂದಿದ್ದು ಅವನು. ಕಾಲೇಜಿಗೆ ಹೋಗೋ ಹುಡುಗ. ಕರ್ನಾಟಕ ಎಕ್ಸ್‌ಪ್ರೆಸ್ಸಿಂದ ಇಳಿದ್ವಿ. ಇವರು ಬಂದಿರ್ಲಿಲ್ಲ."

"ಮಂತ್ರಿಗಳ ವಿಮಾನ..." ಎಂದರು ಅಂಕಲ್.

"ಹೌದು, ಮಂತ್ರಿಗಳ ವಿಮಾನ. ನಾಲ್ಕು ಗಂಟೆ ಹೊತ್ತು ಪ್ಲಾಟ್‌ಫಾರ್ಮಲ್ಲಿ ನನ್ನ ಟ್ರಂಕಿನ ಮೇಲೆ ಕೂತಿದ್ವಿ. ಹಿಂದಿ ಒಂದಕ್ಷರ ಬರಲ್ಲ. ನನಗೆ ಅಳು. ಅವನು ಮಾತ್ರ, 'ಅಕ್ಕಾ, ಭಾವ ಎಲ್ಲರನ್ನೂ ಕರ್ಕೊಂಡು ಬರೋರಂತೆ, ನಿನ್ನನ್ನ ಕೊನೆಗೆ ಇಟ್ಕೊಂಡಿದ್ದಾರೆ, ನೀನೇ ಮುಖ್ಯ ಅತಿಥಿ,' ಅಂತ ನಗಿಸ್ತಾ ಕೂತ. ಆಮೇಲೆ ಅವನೇ ಟ್ರಂಕ್ ಹೊತ್ತು, ಕೈಸನ್ನೆ ಮಾಡ್ತಾ ದಾರಿ ಕೇಳಿ ಕ್ವಾರ್ಟರ್ಸ್ ಹುಡುಕಿದ. ಅವನು ಹೋದ ದಾರೀಲಿ ನಾನು ಹೋಗಲ್ಲ ಅಂತಲ್ಲ. ಅವನಿಲ್ದೆ ಹೋಗೋಕೆ ನನಗೆ ಆಗ್ತಿಲ್ಲ."

ಕಾಫಿ ಆರಿತು. ಆ ಸಂಜೆ ನನ್ನ ಡೈರಿಯಲ್ಲಿ ಲೆಕ್ಕವಿಲ್ಲ.

ಮುಂದಿನ ಎರಡು ದಿನ ಅಂಕಲ್ ಯಾರ ಬೆಲ್ಲನ್ನೂ ಒತ್ತಲಿಲ್ಲ. ಮೂರನೇ ದಿನ ನನ್ನ ಬಾಗಿಲು ಬಡಿದರು. ಕಣ್ಣು ಹೊಳೆಯುತ್ತಿತ್ತು. "ಏಜಿ! ನನ್ನ ತಪ್ಪು ಅಡಿಷನಲ್ ಸೆಕ್ರೆಟರಿ ವಿಷಯದಲ್ಲಿ ಶುರುವಾಗಿದ್ದಲ್ಲ. ಇವಳು ಈ ಊರಿಗೆ ಬಂದ ಮೊದಲನೇ ದಿನವೇ ಆಗಿದೆ. ಬೇರೆಯವರಿಗೆಲ್ಲ ನಿಂತೆ, ಇವಳಿಗೆ ನಿಲ್ಲಲಿಲ್ಲ. ಭಾನುವಾರಕ್ಕೆ ಒಂದು ಸ್ಲಾಟ್ ಹಿಡೀರಿ. ಒಂದೇ ಒಂದು."

"ಆಂಟಿ ಒಪ್ಪಿದ್ರಾ?"

"ಇಲ್ಲ. ನಾನು ಕೇಳ್ಲೂ ಇಲ್ಲ. ಭಾನುವಾರ ಹತ್ತು ಗಂಟೆಗೆ ಕೆಳಗೆ ಲಿಫ್ಟ್ ಹತ್ರ ನಿಂತಿರ್ತೀನಿ ಅಂತ ಹೇಳಿದ್ದೀನಿ. ಬಂದ್ರೂ ಸರಿ, ಬರದಿದ್ರೂ ಸರಿ. ಆವತ್ತು ಅವಳು ಕಾದಷ್ಟು ಹೊತ್ತು ಕಾಯ್ತೀನಿ."

ಭಾನುವಾರ ಹತ್ತಕ್ಕೆ ನಾನು ಕಾರು ತೊಳೆದು ತಂದು ನಿಲ್ಲಿಸಿದಾಗ ಅಂಕಲ್ ಆಗಲೇ ನಿಂತಿದ್ದರು. ಸಫಾರಿ ಸೂಟ್, ಪಾಲಿಶ್ ಮಾಡಿದ ಬೂಟು. ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿದ ಬಿಳಿ ರಟ್ಟು, ನಿಲ್ದಾಣಗಳಲ್ಲಿ ಹಿಡಿಯುವಂಥದ್ದು. ಅದರ ಮೇಲೆ ದುಂಡು ಅಕ್ಷರದಲ್ಲಿ ಕನ್ನಡದಲ್ಲಿ ಆಂಟಿಯ ಹೆಸರು, ಮುಂದೆ ಅವರ ತಂದೆಯ ಇನಿಷಿಯಲ್. ಆ ರೈಲಿನ ಟಿಕೆಟ್ಟಿನಲ್ಲಿ ಇದ್ದ ಹಾಗೆ.

ಲಿಫ್ಟ್ ಕೆಳಗಿಳಿಯಿತು. ಹಾಲಿನವನು. ಮತ್ತೆ ಇಳಿಯಿತು. ಸೈಕಲ್ ಹಿಡಿದ ಹುಡುಗಿ. ಪ್ರತಿ ಸಲ ಬಾಗಿಲು ತೆರೆದಾಗಲೂ ಅಂಕಲ್ ರಟ್ಟನ್ನು ಒಂದಿಂಚು ಮೇಲೆತ್ತುವರು, ಇಳಿಸುವರು. ಹನ್ನೊಂದಾಯಿತು. ನಾನು ಕುರ್ಚಿ ತಂದೆ. "ಡ್ಯೂಟಿ ಮೇಲೆ ಕೂರಲ್ಲ," ಎಂದರು. ಅಡಿಷನಲ್ ಸೆಕ್ರೆಟರಿ ಸಾಹೇಬರು ನಾಯಿಯ ಜೊತೆ ಇಳಿದು, "ಯಾರು ಬರ್ತಿದ್ದಾರೆ? ಮಂತ್ರಿಗಳಾ?" ಎಂದು ಕೇಳಿದರು.

"ಇಲ್ಲ ಸರ್. ನನ್ನ ಹೆಂಡತಿ."

ಸಾಹೇಬರು ನಾಯಿಯ ಹಗ್ಗ ಬಿಗಿಹಿಡಿದು ಅಂಕಲ್ ಪಕ್ಕ, ಒಂದು ಹೆಜ್ಜೆ ಹಿಂದೆ, ನೆಟ್ಟಗೆ ನಿಂತರು. ಮೀನಾ ದೀದಿ ಬಂದಳು, ಪೊರಕೆ ಗೋಡೆಗೆ ಒರಗಿಸಿ ನಿಂತಳು. ಗೇಟಿನ ಗಾರ್ಡ್ ಇಣುಕಿದ. ಸ್ಲಾಟಿನ ಸಮಯ ಮೀರುತ್ತಿತ್ತು. ಮೇಲೆ ಓಡಿಹೋಗಿ ಆಂಟಿಯ ಕಾಲು ಹಿಡಿಯಲೇ ಎನ್ನಿಸಿತು. ಅಂಕಲ್ ನನ್ನ ಮನಸ್ಸು ಓದಿದವರಂತೆ ತಲೆಯಾಡಿಸಿದರು. ಬೇಡ.

ಹನ್ನೆರಡೂ ದಾಟಿದ ಮೇಲೆ ಲಿಫ್ಟ್ ಮತ್ತೆ ಇಳಿಯಿತು. ಬಾಗಿಲು ತೆರೆಯಿತು. ಮೊದಲು ಕಂಡದ್ದು ಹಸಿರು ಟ್ರಂಕು. ಅದನ್ನು ಕಾಲಿನಿಂದ ಹೊರಗೆ ತಳ್ಳುತ್ತಾ ರೇಷ್ಮೆ ಸೀರೆಯಲ್ಲಿ ಆಂಟಿ ಬಂದರು. ರಟ್ಟಿನ ಮೇಲಿನ ಹೆಸರನ್ನು ಓದಿದರು. ಇನ್ನೊಂದು ಸಲ ಓದಿದರು.

"ಕೂಲಿ ಸಿಗ್ಲಿಲ್ಲ," ಎಂದರು.

ನಾನು ಟ್ರಂಕಿಗೆ ಕೈ ಹಾಕಿದೆ. "ನೀನು ಬಿಡಮ್ಮ, ಅವರು ಹೊರಲಿ. ಖಾಲಿ ಟ್ರಂಕ್ ಹೊರಿಸಿದ್ರೆ ಮೋಸ ಆಗುತ್ತೆ ಅಂತ ಎರಡು ಚಾದರ ಹಾಕಿದ್ದೀನಿ."

ಅಂಕಲ್ ಹೊತ್ತರು. ಹಿಂದಿನ ಎಡಗಡೆಯ ಬಾಗಿಲು ತೆರೆದು, ತಲೆ ಬಾಗಿಸಿ, "ಬನ್ನಿ," ಎಂದರು. ಹೆಂಡತಿಗೆ ಅವರು ಬಹುವಚನ ಬಳಸಿದ್ದು ಅದೇ ಮೊದಲಿರಬೇಕು. ಮೀನಾ ದೀದಿ ಚಪ್ಪಾಳೆ ತಟ್ಟಿದಳು. ಸಾಹೇಬರ ನಾಯಿ ಬೊಗಳಿತು. ನಾನು ಮೊದಲನೇ ಗೇರ್ ಹಾಕುವ ಬದಲು ರಿವರ್ಸ್ ಹಾಕಿದೆ.

ಶಾಲೆಯ ಗೇಟಿನಲ್ಲಿ ಗಾರ್ಡ್ ತಡೆದ. "ಅಂಕಲ್‌ಜೀ, ಯೇ ಪೇಟಿ ಕಿಸ್ಕೀ ಹೈ?"

"ಮೇಡಂ ಕಾ ಸಾಮಾನ್," ಎಂದು ಅಂಕಲ್ ಟ್ರಂಕ್ ಹೊತ್ತೇ ಒಳಗೆ ಹೋದರು. ಸ್ಲಾಟಿನ ಸಮಯ ಮೀರಿತ್ತು. ನರ್ಸ್ ಮೊಬೈಲ್ ನೋಡಿದಳು, ಟ್ರಂಕ್ ನೋಡಿದಳು, ಏದುಸಿರು ಬಿಡುತ್ತಿದ್ದ ಅಂಕಲ್ ಅವರನ್ನು ನೋಡಿದಳು, "ಚಲೋ, ಬೈಠೋ," ಎಂದಳು. ಆಂಟಿ ಸೆರಗು ಸರಿಸಿ, ಕಣ್ಣು ಮುಚ್ಚಿ, ಕೈ ಮುಂದೆ ಮಾಡಿದರು. ತುಟಿ ಅಲುಗಿತು. ತಮ್ಮನ ಹೆಸರು ಎಂದು ನನಗನ್ನಿಸಿತು. ಸೂಜಿ ಹೋಯಿತು, ಬಂತು. ಅಷ್ಟೇ.

ಆಮೇಲೆ ಅರ್ಧ ಗಂಟೆ ಅಲ್ಲೇ ಕಾಯಬೇಕು. ಮಕ್ಕಳ ತರಗತಿ, ಗೋಡೆಯ ಮೇಲೆ ಬಣ್ಣದ ಮಗ್ಗಿ. ಕುರ್ಚಿಗಳು ಖಾಲಿ ಇದ್ದರೂ ಆಂಟಿ ಟ್ರಂಕಿನ ಮೇಲೆಯೇ ಕೂತರು, ಒಂದು ತುದಿಗೆ ಸರಿದು. ಇನ್ನೊಂದು ತುದಿಯಲ್ಲಿ ಒಬ್ಬರಿಗೆ ಜಾಗವಿತ್ತು. ಡ್ಯೂಟಿಯಲ್ಲಿ ಕೂರುವುದಿಲ್ಲ ಎಂದಿದ್ದ ಅಂಕಲ್ ಸ್ವಲ್ಪ ಹೊತ್ತು ಆ ಜಾಗವನ್ನೇ ನೋಡುತ್ತಾ ನಿಂತರು. ಆಮೇಲೆ ಹೋಗಿ ಕೂತರು. ನಾನು ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಂಡೆ, ನಕ್ಕೆ, ಮತ್ತೆ ಒರೆಸಿಕೊಂಡೆ.

ಸಮಯವಾಯಿತೆಂದು ನರ್ಸ್ ಕೂಗಿದಳು. ಆಂಟಿ ಎದ್ದು ಸೀರೆಯ ನೆರಿಗೆ ಕೊಡವಿಕೊಂಡು ಗಂಡನನ್ನು ನೋಡಿದರು.

"ಇನ್ನೂ ಯಾಕೆ ಕೂತಿದ್ದೀರಿ? ನಡೀರಿ, ಮನೆ ತೋರಿಸಿ. ಈ ಊರಲ್ಲಿ ನನಗೆ ಬೇರೆ ಯಾರೂ ಗೊತ್ತಿಲ್ಲ."

ಅಂಕಲ್ ಟ್ರಂಕ್ ಎತ್ತಿಕೊಂಡರು.